ಹೊಟ್ಟೆಯ ಪುಡಿ ಮತ್ತು ವೈಶಾಖದ ಪಾಳಿ

ಮಡಿಯಲ್ಲಿರುವವನ ಹೊಟ್ಟೆ ಕೆಟ್ಟರೆ ಅವನ ಪಾಡು ನಾಯಿಪಾಡು. ಸಂಡಾಸಿಗೆ ಹೋಗಿ ಬಂದರೆ ಸ್ನಾನ ಮಾಡಬೇಕು, ಒದ್ದೆ ಧೋತರ ಹಿಂಡಿ ಉಡಬೇಕು, ಆಮೇಲೆಯೇ ಪೂಜೆ. ಆರು ಸಲ ಹೋದರೆ ಆರು ಸ್ನಾನ. ಆ ವರ್ಷ ನಾನು ಆರರ ಲೆಕ್ಕದಲ್ಲಿದ್ದೆ.

ನಾನು ಜಮಖಂಡಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ಆದರೆ ಮನೆತನ ಪೂಜೆಯದು. ತುಬಚಿ ಕಡೆಯ ಹೊಳೆದಂಡೆಯ ಈಶ್ವರ ಗುಡಿಯ ಪೂಜೆಯನ್ನು ನಮ್ಮ ಅಣ್ಣತಮ್ಮಂದಿರ ಮನೆಗಳು ಪಾಳಿಯ ಮೇಲೆ ಮಾಡುತ್ತವೆ. ನಮ್ಮ ಮನೆಯದು ವೈಶಾಖ ಮಾಸ. ಇದಕ್ಕೊಂದು ಹಳೆಯ ಕಟ್ಟಳೆಯಿದೆ: ಪಾಳಿಯವನು ಅರ್ಧಕ್ಕೆ ಬಿಟ್ಟೆದ್ದ ಪೂಜೆಯನ್ನು ಬೇರೊಬ್ಬ ಗರ್ಭಗುಡಿಯೊಳಗೆ ಕೂತು ಮುಗಿಸಿದರೆ, ಮುಂದೆ ಆ ಪಾಳಿ ಅವನ ಮನೆಯದೇ. ನಮ್ಮ ಕಾಕಾನ ಮನೆಯ ಪಾಳಿ ಹೀಗೆಯೇ ದೊಡ್ಡಪ್ಪನ ಮನೆಗೆ ಹೋಗಿತ್ತು. ಅಪ್ಪ ಹಾಸಿಗೆ ಹಿಡಿದಾಗ ನನಗೆ ಹೇಳಿದ ಮಾತು ಒಂದೇ: "ವೈಶಾಖ ಬಿಡಬ್ಯಾಡ."

ಆ ವರ್ಷ ಸಂಕ್ರಾಂತಿಗೆ ನನಗೆ ವಿಷಮಜ್ವರ ಬಂತು. ಜೋರಾದ ಗುಳಿಗೆ ನುಂಗಿ ಜ್ವರ ಬಿಟ್ಟಿತು, ಹೊಟ್ಟೆ ಮಾತ್ರ ಹಳಿ ತಪ್ಪಿತು. ಶಿವರಾತ್ರಿ ಬಂದರೂ ಸುಧಾರಿಸಲಿಲ್ಲ. ಪಾಠದ ನಡುವೆ ಸೀಮೆಸುಣ್ಣ ಕೆಳಗಿಟ್ಟು ಓಡುವವನಾದೆ.

ಸುದ್ದಿ ದೊಡ್ಡಪ್ಪನ ಮಗನಿಗೆ ಮುಟ್ಟಿತು. ನನಗಿಂತ ಹತ್ತು ವರ್ಷ ದೊಡ್ಡವನು, ನಾನು ಅವನನ್ನು ಅಣ್ಣ ಎನ್ನುತ್ತೇನೆ. ಮನೆಗೆ ಬಂದು ಚಹಾ ಕುಡಿದು, "ಈ ಸಲ ವೈಶಾಖ ನಾ ಮಾಡತೇನಿ ಬಿಡಪಾ. ಹೊಟ್ಟಿ ನೆಟ್ಟಗಿಲ್ಲ ನಿಂದು," ಎಂದ.

ನನಗೆ ಉರಿದುಹೋಯಿತು. ಕಾಕಾನ ಪಾಳಿ ನುಂಗಿದ ಮನೆ ಈಗ ನಮ್ಮದಕ್ಕೂ ಬಾಯಿ ತೆರೆದಿದೆ ಎಂದುಕೊಂಡೆ. "ಸತ್ತರೂ ಗುಡಿಯೊಳಗಽ ಸಾಯ್ತೀನಿ. ನೀ ಚಿಂತಿ ಮಾಡಬ್ಯಾಡ," ಎಂದೆ. ಅಣ್ಣ ಚಪ್ಪಲಿ ಮೆಟ್ಟಿಕೊಂಡು ಹೋದ.

ಮರುದಿನವೇ ಮುಧೋಳದ ಬಸ್ಸು ಹಿಡಿದೆ. ಅಲ್ಲಿಯ ಡಾಕ್ಟರು ಪರೀಕ್ಷೆ ಮಾಡಿ, "ಜ್ವರದ ಗುಳಗಿ ಕೆಟ್ಟ ಜಂತುಗಳ ಸಂಗಾಟ ಒಳ್ಳೇವನ್ನೂ ಕೊಂದಾವ್ರಿ," ಎಂದು ಪುಡಿಯ ಸಣ್ಣ ಪಾಕೀಟುಗಳನ್ನು ಬರೆದುಕೊಟ್ಟರು. "ಇದರಾಗ ಒಳ್ಳೇ ಜಂತು ಜೀವಂತ ಅದಾವ. ಮೊಸರಿನ ಜಾತಿವು. ದಿನಾ ಒಂದು ತಗೋರಿ. ಎಲ್ಲಾರಿಗೂ ಹತ್ತತದ ಅಂತ ನಾ ಹೇಳಂಗಿಲ್ಲ, ನೋಡೋಣು."

ನೋಡೋಣು ಎಂಬ ಮಾತು ನನಗೆ ಬೇಕಿರಲಿಲ್ಲ. ಹತ್ತಲೇಬೇಕು ಎಂದು ಹಟ ಹಿಡಿದೆ. ಜ್ವರ ಬಿಟ್ಟವನಿಗೆ ನಮ್ಮ ಮನೆಯಲ್ಲಿ ಥಂಡಿ ಪದಾರ್ಥ ಕೊಡುವ ರೂಢಿಯಿಲ್ಲ. ದಿನಾ ಮಧ್ಯಾಹ್ನ ಹೊಗೆಯಾಡುವ ಅಕ್ಕಿ ಗಂಜಿಗೆ ಪುಡಿ ಸುರಿದು, ಕಲಕಿ, ಊದಿ ಊದಿ ಕುಡಿದೆ. ಒಂದು ದಿನವೂ ತಪ್ಪಿಸಲಿಲ್ಲ. ಮೂರು ವಾರ ಕಳೆದರೂ ಹೊಟ್ಟೆ ಇದ್ದಲ್ಲೇ ಇತ್ತು.

ಯುಗಾದಿಯ ಮರುದಿನ ಹೆಂಡತಿ ಹೆಪ್ಪು ಹಾಕಲು ಹಾಲು ಆರುವುದನ್ನೇ ಕಾಯುತ್ತ ಕೂತಿದ್ದಳು. ನಾನು ಎದುರಿಗೆ ಗಂಜಿಗೆ ಪುಡಿ ಸುರಿಯುತ್ತಿದ್ದೆ. ನನ್ನ ಬಟ್ಟಲನ್ನೂ ತನ್ನ ಪಾತೇಲಿಯನ್ನೂ ಒಮ್ಮೆ ನೋಡಿ ಕೇಳಿದಳು: "ಅಲ್ರೀ, ಮೊಸರಿನ ಜಾತಿವು ಅಂದಿದ್ರಲ್ಲ ಡಾಕ್ಟರು? ಸುಡೂ ಹಾಲಿಗೆ ಹೆಪ್ಪ ಹಾಕಿದ್ರ ಮೊಸರು ಆಗತದೇನು?"

ಕೈಯಲ್ಲಿದ್ದ ಚಮಚ ಹಾಗೆಯೇ ನಿಂತಿತು. ಎಂಟನೆಯ ಇಯತ್ತೆಯ ಮಕ್ಕಳಿಗೆ ಪ್ರತಿ ವರ್ಷ ಇದೇ ಪಾಠ ಮಾಡುತ್ತೇನೆ: ಹಾಲು ಉಗುರುಬೆಚ್ಚಗಿದ್ದರೆ ಜೀವಾಣು ಬೆಳೆಯುತ್ತದೆ, ಕುದಿಸಿದರೆ ಸಾಯುತ್ತದೆ. ಪರೀಕ್ಷೆಗೂ ಕೇಳುತ್ತೇನೆ. ಮೂರು ವಾರ ದಿನಕ್ಕೊಂದರಂತೆ ಡಾಕ್ಟರರ ಜಂತುಗಳನ್ನು ಸುಟ್ಟು ಕುಡಿದಿದ್ದೆ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗಿತ್ತು.

"ಹೇಳೋದು ಶಾಸ್ತ್ರ, ತಿನ್ನೋದು ಬದನಿಕಾಯಿ," ಎಂದು ಅವಳು ನಕ್ಕಳು. ನನಗೆ ನಗು ಬರಲಿಲ್ಲ. ಪಾಳಿಗೆ ಉಳಿದದ್ದು ನಾಲ್ಕೇ ವಾರ.

ಅಂದಿನಿಂದ ಪುಡಿಯನ್ನು ತಣ್ಣನೆಯ ನೀರಿನಲ್ಲಿ ಕಲಸಿ ಕುಡಿದೆ. ಮೆಣಸಿನಕಾಯಿ, ಕರಿದದ್ದು, ಕಬ್ಬಿನ ಹಾಲು ಎಲ್ಲ ಬಿಟ್ಟೆ. ಎರಡನೆಯ ವಾರ ಆರು ನಾಲ್ಕಾಯಿತು, ಪಾಳಿ ಬರುವ ಹೊತ್ತಿಗೆ ಎರಡಕ್ಕೆ ಇಳಿಯಿತು. ಪುಡಿಯಿಂದಲೋ, ಪಥ್ಯದಿಂದಲೋ, ದಿನ ಕಳೆದದ್ದರಿಂದಲೋ, ವಿಜ್ಞಾನದ ಮಾಸ್ತರನಾಗಿ ಆಣೆ ಮಾಡಿ ಹೇಳಲಾರೆ. ಆದರೆ ಪುಡಿ ಬಿಡಲಿಲ್ಲ.

ಬೇಸಿಗೆ ರಜೆಯಲ್ಲಿ ವೈಶಾಖ ಶುರುವಾಯಿತು. ಕಬ್ಬಿನ ಹೊಲಗಳಿಗೆಂದು ಕೆಳಗಿನ ಬ್ಯಾರೇಜಿನಲ್ಲಿ ನೀರು ತಡೆದು ನಿಲ್ಲಿಸಿದ ಮೇಲೆ ಗುಡಿಯ ಮೆಟ್ಟಿಲವರೆಗೂ ಹೊಳೆ ತುಂಬಿರುತ್ತಿತ್ತು. ಕಬ್ಬಿನವರಿಗಿಂತ ಆ ನೀರಿನ ಉಪಯೋಗ ನನ್ನ ಸ್ನಾನಗಳಿಗೇ ಹೆಚ್ಚಾದೀತು ಎಂದು ಹೆಂಡತಿ ಚೇಷ್ಟೆ ಮಾಡಿದಳು. ಅಣ್ಣ ಮಾತ್ರ ದಿನಾ ಬೆಳಿಗ್ಗೆ ಮಡಿಯುಟ್ಟು ಬಂದು ಗುಡಿಯ ಕಟ್ಟೆಯ ಮೇಲೆ ಕೂರುತ್ತಿದ್ದ. ನಾನು ಎಡವುವುದನ್ನೇ ಕಾಯುತ್ತಿದ್ದಾನೆ ಎಂದು ಅವನ ಕಡೆ ನೋಡದೆ ಒಳಗೆ ಹೋಗುತ್ತಿದ್ದೆ. ಹತ್ತು ದಿನ ಏನೂ ಆಗಲಿಲ್ಲ.

ಹನ್ನೊಂದನೆಯ ದಿನ ಅಭಿಷೇಕದಲ್ಲಿ ರುದ್ರ ಹೇಳುತ್ತಿದ್ದೆ. ಅದರಲ್ಲಿ ಹನ್ನೊಂದು ಅನುವಾಕ, ಅಂದರೆ ಹನ್ನೊಂದು ಭಾಗಗಳು. ಒಮ್ಮೆ ಹಿಡಿದರೆ ಮಂತ್ರದ ದನಿ ನಿಲ್ಲಬಾರದು. ನಾಲ್ಕನೆಯದರಲ್ಲಿ ಹೊಟ್ಟೆ ತಿರುಚಿತು. ಹಲ್ಲು ಕಚ್ಚಿ ನೋಡಿದೆ, ಆಗಲಿಲ್ಲ. ಎದ್ದು ಹೊರಗೆ ಓಡುವಾಗ ಅಣ್ಣನಿಗೆ, "ಒಳಗ ಕಾಲಿಟ್ಟೀ ಅಂದ್ರ ನೋಡು!" ಎಂದು ಕೂಗಿದೆ. ದೊಡ್ಡವನಿಗೆ ಹಾಗೆ ಹಿಂದೆಂದೂ ಅಂದಿರಲಿಲ್ಲ.

ಹೊಳೆಯಲ್ಲಿ ಮುಳುಗು ಹಾಕಿ ಏಳುವಾಗ ಗುಡಿಯಿಂದ ಮಂತ್ರ ಕೇಳಿಸಿತು. ಅಣ್ಣನ ದನಿ. ಅಪ್ಪನ ವೈಶಾಖ ಹೋಯಿತು ಎಂದು ಎದೆ ಒಡೆಯಿತು. ಧೋತರ ಹಿಂಡದೆಯೇ ಮೆಟ್ಟಿಲು ಹತ್ತಿದೆ.

ಗರ್ಭಗುಡಿಯೊಳಗೆ ಯಾರೂ ಇರಲಿಲ್ಲ. ಮೇಲೆ ತೂಗುಹಾಕಿದ ಧಾರಾಪಾತ್ರೆಯ ನೀರು ಲಿಂಗದ ಮೇಲೆ ತನ್ನಷ್ಟಕ್ಕೆ ಬೀಳುತ್ತಿತ್ತು. ಅಣ್ಣ ಹೊಸ್ತಿಲ ಹೊರಗೆ ಕೈಮುಗಿದು ನಿಂತು ರುದ್ರ ಹೇಳುತ್ತಿದ್ದ. ನಾನು ಎದ್ದು ಹೋದಾಗ ನಡೆದಿದ್ದ ನಾಲ್ಕನೆಯ ಅನುವಾಕವದು. ಅದು ಮುಗಿಯಿತು, ಐದನೆಯದಕ್ಕೆ ಹೋಗದೆ ಮತ್ತೆ ನಾಲ್ಕನೆಯದನ್ನೇ ಹಿಡಿದ. ನನ್ನನ್ನು ಕಂಡು ಬದಿಗೆ ಸರಿದು, ದನಿ ನಿಲ್ಲಿಸದೆ, ಒಳಗೆ ಹೋಗು ಎಂದು ಕಣ್ಣಿನಲ್ಲೇ ಹೇಳಿದ.

ಕೂತೆ. ಏದುಸಿರಿಗೆ ಮಂತ್ರ ಹಿಡಿಯಲಾಗಲಿಲ್ಲ. ಅಣ್ಣ ಹೊಸ್ತಿಲಾಚೆಯಿಂದ ನಾಲ್ಕನೆಯದನ್ನು ಇನ್ನೊಮ್ಮೆ ಶುರು ಮಾಡಿದ, ನನ್ನ ದನಿ ಅವನದಕ್ಕೆ ಕೂಡುವವರೆಗೂ ಬಿಡಲಿಲ್ಲ.