ಎದುರುಬದುರು ಬಾಗಿಲು

ಬಾಗಿಲು ಎಷ್ಟೇ ಎತ್ತರವಿದ್ದರೂ ನಮ್ಮ ಆರ್ಕಿಟೆಕ್ಟ್ ಅಂಕಲ್ ತಲೆ ತಗ್ಗಿಸಿಯೇ ಒಳಗೆ ಬರುತ್ತಿದ್ದರು. ಆರಡಿ ಮೀರಿದ ಆಳು, ಬೋಳುನೆತ್ತಿಯ ಮೇಲೊಂದು ಹಳೆಯ ಗಾಯದ ಗೆರೆ. ಧಾರವಾಡದವರು, ಇಂಗ್ಲೆಂಡಿನಲ್ಲಿ ಅರ್ಧ ಆಯುಷ್ಯ ಕಳೆದು, ಮಗಳಿಗಾಗಿ ಟೆಕ್ಸಾಸಿಗೆ ಬಂದಿದ್ದರು. ಇಂಗ್ಲೆಂಡಿನಲ್ಲಿ ಅವರ ಕೆಲಸ ಆಮ್ಸ್‌ಹೌಸ್‌ಗಳ ದುರಸ್ತಿ. ಹಿಂದಿನ ಸಿರಿವಂತರು ದಿಕ್ಕಿಲ್ಲದ ಮುದುಕರಿಗೆ ಕಟ್ಟಿಸಿದ ಧರ್ಮದ ಮನೆಗಳವು. ಗಾಯ ಅಲ್ಲಿನ ಗಿಡ್ಡ ಬಾಗಿಲುಗಳ ಬಳುವಳಿ.

ಆ ಮನೆಗಳ ಮಾತು ಬಂದರೆ ಅವರ ಚಹಾ ಆರಿಹೋಗುತ್ತಿತ್ತು. ಕೆಂಪು ಇಟ್ಟಿಗೆ, ಉದ್ದ ಹೊಗೆಗೂಡು, ಒಂದು ಪುಟ್ಟ ಪ್ರಾರ್ಥನಾಮಂದಿರ. ನಡುವೆ ಅಂಗಳ, ಸುತ್ತ ಸಾಲುಮನೆ. "ಎಲ್ಲಾ ಬಾಗ್ಲಾ ಅಂಗಳಕ್ಕ ಮಾರಿ ಮಾಡಿರ್ತಾವ್ರಿ. ಮುಂಜಾನೆ ಎದುರಿನ ಬಾಗ್ಲಾ ತೆರೀಲಿಲ್ಲಂದ್ರ ಯಾರರ ಹೋಗಿ ಬಡೀತಾರ. ಅಷ್ಟ ಅದರ ಹಿಕಮತ್ತು."

ಟೆಕ್ಸಾಸಿನ ಲಿಯಾಂಡರ್ ಊರಿನಲ್ಲಿ ನಾವು ಕೆಲವು ಕನ್ನಡದವರು ನಮ್ಮ ಮುಪ್ಪಿಗೆಂದು ಜಾಗ ಕೊಂಡಾಗ ಅಂಕಲ್ ಅದೇ ನಕ್ಷೆ ಬರೆದುಕೊಟ್ಟರು. ಎಲ್ಲರೂ ಭೇಷ್ ಎಂದರು. ಆಮೇಲೆ ಎದ್ದಿತು ನೋಡಿ ವಾಸ್ತು! "ನನ್ ಬಾಗಿಲು ದಕ್ಷಿಣಕ್ಕಾ? ಚಾನ್ಸೇ ಇಲ್ಲ ಅಂಕಲ್, ಪೂರ್ವನೇ ಬೇಕು," ಎಂದು ಹಟ ಹಿಡಿದವರಲ್ಲಿ ಹೃದಯ ಕೊಯ್ದು ಹೊಲಿದ ಡಾಕ್ಟರೂ ಇದ್ದರು.

"ಸೂರ್ಯ ಬಂದು ಬಾಗ್ಲಾ ಬಡಿಯೂದಿಲ್ರೀ, ಮಂದಿ ಬಡೀಬೇಕು," ಎಂದರು ಅಂಕಲ್. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಎರಡು ಸಾಲು ಮನೆ ಎದ್ದವು, ಎರಡೂ ಪೂರ್ವಕ್ಕೇ. ಹಿಂದಿನ ಸಾಲಿಗೆ ಕಾಣುವುದು ಮುಂದಿನ ಸಾಲಿನ ಬೆನ್ನು, ಎಸಿ ಯಂತ್ರ, ಕಸದ ಡಬ್ಬಿ.

ಹಿಂದಿನ ಸಾಲಿನ ಒಂದು ಮನೆಯನ್ನು ಅಂಕಲ್ ತಾವೇ ತೆಗೆದುಕೊಂಡರು. ಅವರ ಬಾಗಿಲಿಗೆ ಎದುರು ನನ್ನ ಅಡುಗೆಮನೆಯ ಹಿಂಗೋಡೆ. "ಈ ಗ್ವಾಡಿಗೊಂದು ಕಿಡಕಿ ಇಡೂಣೇನವಾ, ತಂಗಿ?" ಎಂದು ಕೇಳಿದ್ದರು. ನಾನು ಹೂಂ ಎಂದೆ. ಹೊರನೋಟ ಕೆಡುತ್ತದೆಂದು ನಮ್ಮ ಮನೆಗಳವರ ಕಮಿಟಿ ಒಪ್ಪಲಿಲ್ಲ.

ಚಳಿಗಾಲದ ಒಂದು ಬೆಳಿಗ್ಗೆ ಅವರು ಬಚ್ಚಲಿನಲ್ಲಿ ಬಿದ್ದರು. ಡಲ್ಲಾಸ್‌ನಲ್ಲಿದ್ದ ಮಗಳು ಅವರಿಗೆ ಫೋನ್ ಮಾಡಿ ಮಾಡಿ ಸಾಕಾಗಿ, ಸಂಜೆ ನನಗೆ ಮಾಡಿದಳು. ನಾವು ಒಳಗೆ ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಬೇಗ ಗೊತ್ತಾಗಿದ್ದರೆ ಉಳಿಯುತ್ತಿದ್ದರಂತೆ. ಅಂದು ದಿನವಿಡೀ ನಾನು ಆ ಗೋಡೆಯ ಈಚೆ ಹಪ್ಪಳಕ್ಕೆ ಹಿಟ್ಟು ಕಲಸುತ್ತಿದ್ದೆ.

ಈಗ ಕಿಟಕಿ ಬಂದಿದೆ, ಯಾರೂ ಬೇಡವೆನ್ನಲಿಲ್ಲ. ಅಂಕಲ್ ಮನೆಗೆ ಮೈಸೂರಿನ ಅಜ್ಜಿಯೊಬ್ಬರು ಬಂದಿದ್ದಾರೆ. ಒಲೆ ಹಚ್ಚುವ ಮೊದಲು ನಾನು ಆ ಬಾಗಿಲನ್ನು ನೋಡುತ್ತೇನೆ. ಮೊನ್ನೆ ಹೊತ್ತು ಏರಿದರೂ ತೆರೆಯಲಿಲ್ಲ. ಬರಿಗಾಲಲ್ಲಿ ಓಡಿಹೋಗಿ ದಬದಬ ಬಡಿದೆ.

ನಿದ್ದೆಗಣ್ಣಲ್ಲೇ ಬಾಗಿಲು ತೆಗೆದ ಅಜ್ಜಿ, "ಯಾಕಮ್ಮಾ, ಸಕ್ಕರೆ ಬೇಕಿತ್ತಾ?" ಎಂದರು.

ಹೂಂ ಎಂದೆ. ಅವರು ಸಕ್ಕರೆ ತರಲು ಒಳಗೆ ಹೋದಾಗ, ಅಂಕಲ್ ತಲೆ ತಗ್ಗಿಸಿ ದಾಟುತ್ತಿದ್ದ ಆ ಬಾಗಿಲನ್ನು ಹಿಡಿದುಕೊಂಡು ಅತ್ತುಬಿಟ್ಟೆ.