ಅವ್ವೆಯ ಹೆಸರಿನ ಅಣಬೆ

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಊಟಿಯ ಒಂದು ಲ್ಯಾಬಿನಲ್ಲಿ ಅಣಬೆಗಳ ಮೇಲೆ ಪಿಎಚ್.ಡಿ. ಮಾಡುತ್ತಿದ್ದೆ. ಗೂಡಲೂರಿನ ಇಳಿಜಾರು ಕಾಡಿನಲ್ಲಿ ಬಿದ್ದ ಮರಗಳಿಗೆ ಕಿವಿಯಂತೆ ಅಂಟಿಕೊಂಡಿರುವ ಗಟ್ಟಿ ಅಣಬೆಗಳನ್ನು ಕಿತ್ತು ತಂದು, ಯಾವುದು ಯಾವ ಪ್ರಭೇದ ಎಂದು ಹೇಳಬೇಕಿತ್ತು. ರೂಪ ನಂಬುವ ಹಾಗಿಲ್ಲ. ಒಂದೇ ಅಣಬೆಗೆ ಬಿಸಿಲಲ್ಲಿ ಒಂದು ಬಣ್ಣ, ನೆರಳಲ್ಲಿ ಇನ್ನೊಂದು. ಹಾಗಾಗಿ ಅದರ ಸಾರವನ್ನು ಗಾಜಿನ ಹಲಗೆಯ ಮೇಲೆ ಚುಕ್ಕೆಯಿಟ್ಟು ದ್ರಾವಣದಲ್ಲಿ ನಿಲ್ಲಿಸುತ್ತಿದ್ದೆ. ಒಳಗಿನ ಪದಾರ್ಥಗಳು ಬೇರೆಬೇರೆ ಎತ್ತರಕ್ಕೆ ಏರಿ, ರಾಸಾಯನಿಕ ಸಿಂಪಡಿಸಿ ಬಿಸಿ ಮಾಡಿದಾಗ ಬಣ್ಣದ ಮಚ್ಚೆಗಳಾಗಿ ಕಾಣಿಸುತ್ತಿದ್ದವು.

ಒಂದು ದಿನ ಒಂದು ಅಣಬೆಯಲ್ಲಿ ಯಾರೂ ಬರೆದಿಡದ ನೀಲಿ ಮಚ್ಚೆ ಬಂತು. ಮರುದಿನವೂ ಬಂತು. ನನ್ನ ಗೈಡ್ ಬಯಲುಸೀಮೆಯವರು, ಊಟಿಗೆ ಬಂದಾಗಿನಿಂದ ನೆಗಡಿ ಬಿಟ್ಟಿರಲಿಲ್ಲ. ನೀಲಗಿರಿ ಎಣ್ಣೆಯ ಕರವಸ್ತ್ರವನ್ನು ಮೂಗಿಗೆ ಒತ್ತಿಕೊಂಡೇ, "ಹೊಸ ಪ್ರಭೇದ ಇರಬಹುದಮ್ಮ, ಡಿಎನ್‌ಎಗೆ ಕಳಿಸು" ಎಂದರು.

ಕಳಿಸಿದೆ. ಆದರೆ ಫಲಿತಾಂಶ ಬರುವತನಕ ತಡೆಯುವವರು ಯಾರು? ಬೆಟ್ಟದ ಮೇಲಿನ ನಮ್ಮ ಊರು, ಹಟ್ಟಿಗೆ ಓಡಿಹೋಗಿ ತಾಯಿಗೆ, "ಅವ್ವೆ, ಅದಕ್ಕೆ ನಿನ್ನ ಹೆಸರೇ ಇಡುತ್ತೇನೆ" ಎಂದುಬಿಟ್ಟೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ. ಟೀ ಎಲೆ ಕೀಳುವ ಹೆಂಗಸರೆಲ್ಲ ಅವಳನ್ನು ಅಣಬೆ ಅವ್ವೆ ಎಂದು ಕರೆಯತೊಡಗಿದರು. ಅವಳು ಬೈಯುವಂತೆ ನಟಿಸಿ ಹಿಗ್ಗುತ್ತಿದ್ದಳು.

ಎರಡು ತಿಂಗಳ ನಂತರ ಡಿಎನ್‌ಎ ವರದಿ ಬಂತು. ಅದು ಎಲ್ಲ ಕಾಡಿನಲ್ಲೂ ಸಿಗುವ ಮಾಮೂಲಿ ಅಣಬೆ. ಇಂಗು ತಿಂದ ಮಂಗನಂತಾದೆ. ಹಾಗಾದರೆ ನೀಲಿ ಮಚ್ಚೆ ಎಲ್ಲಿಂದ ಬಂತು? ಮತ್ತೊಮ್ಮೆ ಪರೀಕ್ಷಿಸಲು ಆ ಅಣಬೆಯ ಡಬ್ಬಿ ತೆರೆದೆ. ಲ್ಯಾಬಿನಲ್ಲಿ ಮಳೆಗಾಲದ ತೇವ ಎಂದು ಅದನ್ನು ಮನೆಯಲ್ಲಿ ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟು, ಬೇಕಾದಾಗ ತರುತ್ತಿದ್ದೆ. ಅಭ್ಯಾಸದಂತೆ ಮೇಲಿದ್ದ ನೀಲಗಿರಿ ಎಲೆಗಳನ್ನು ಕೊಡವಿದೆ, ಅಲ್ಲೇ ಕೈ ನಿಂತಿತು. ನಮ್ಮ ಮನೆಗಳಲ್ಲಿ ಹುಳು ಬರದಂತೆ ಸೀರೆಯ ಪೆಟ್ಟಿಗೆಯಲ್ಲೂ ಪುಸ್ತಕದ ಕಪಾಟಿನಲ್ಲೂ ಆ ಎಲೆ ಇದ್ದೇ ಇರುತ್ತದೆ. ನೋಡಿಯೂ ನೋಡಿರಲಿಲ್ಲ. ಇನ್ನು ವಾಸನೆಯಿಂದ ತಿಳಿಯೋಣವೆಂದರೆ, ಸರ್ ಕರವಸ್ತ್ರದಿಂದ ಲ್ಯಾಬೆಲ್ಲ ಅದೇ ವಾಸನೆ. ಬರೀ ಎಲೆಯ ಸಾರವನ್ನು ಹಲಗೆಗೆ ಏರಿಸಿದೆ. ಅದೇ ಎತ್ತರ, ಅದೇ ನೀಲಿ.

ಸರ್ ಹೊಟ್ಟೆ ಹಿಡಿದು ನಕ್ಕರು, ಕೆಮ್ಮಿದರು, ಮತ್ತೆ ನಕ್ಕರು. ನನಗೆ ಮಾತ್ರ ಅವ್ವೆಗೆ ಹೇಗೆ ಹೇಳುವುದೆಂಬ ಸಂಕಟ. ಸಂಜೆ ಒಲೆಯ ಮುಂದೆ ಕೂತು ಎಲ್ಲ ಹೇಳಿದೆ.

"ನಾ ತಾ ಎಲೆ ಹಾಕಿದೆ" ಎಂದು ತಾನೇ ಹಾಕಿದ್ದನ್ನು ಒಪ್ಪಿಕೊಂಡಳು. ಮುಖ ಸಣ್ಣದಾಯಿತು. ಒಲೆಗೆ ಒಂದು ಕಟ್ಟಿಗೆ ತಳ್ಳಿ ಕೇಳಿದಳು: "ಹುಳು ತಿಂತಾ?"

ತಿಂದಿರಲಿಲ್ಲ. ಲ್ಯಾಬಿನ ಬೀರುವಿನಲ್ಲಿದ್ದ ಅದೇ ಅಣಬೆಯ ತುಂಡುಗಳೆಲ್ಲ ಡಿಎನ್‌ಎಗೆ ಕಳಿಸುವ ಹೊತ್ತಿಗೇ ಹುಳು ಕೊರೆದು ಹಿಟ್ಟಾಗಿದ್ದವು. ಡಿಎನ್‌ಎ ತೆಗೆಯಲು ಉಳಿದಿದ್ದು ಅವ್ವೆಯ ಡಬ್ಬಿಯೊಂದೇ. ನನ್ನ ತಪ್ಪು ಹಿಡಿಯಲು ಸಾಕ್ಷಿ ಉಳಿಸಿದ್ದೂ ಅವಳೇ! ಅಷ್ಟು ಹೊತ್ತು ಈ ಮಾತು ನನಗೆ ಹೊಳೆದೇ ಇರಲಿಲ್ಲ.

ಮರುದಿನ ಅಣಬೆಯ ಚೀಟಿ ಬರೆದೆ. ಪ್ರಭೇದದ ಜಾಗದಲ್ಲಿ ಹಳೆಯ ಹೆಸರು, ಸಂಗ್ರಹಿಸಿದವರ ಜಾಗದಲ್ಲಿ ನನ್ನದು. ಕೆಳಗೆ ಖಾಲಿ ಉಳಿದಲ್ಲಿ ಸರ್ ಒಪ್ಪಿಗೆ ಪಡೆದು ಇನ್ನೊಂದು ಸಾಲು ಸೇರಿಸಿದೆ: ಹುಳುವಿನಿಂದ ಕಾಪಾಡಿದವರು, ಅದರ ಮುಂದೆ ಅವ್ವೆಯ ಹೆಸರು. ಚೀಟಿಯ ಒಂದು ಪ್ರತಿಯನ್ನು ಮನೆಗೆ ಒಯ್ದೆ.

ಇಂಗ್ಲಿಷ್ ಬಾರದ ಅವ್ವೆ ಕೊನೆಯ ಸಾಲಿನ ಮೇಲೆ ಬೆರಳಿಟ್ಟಳು. "ಇದು ತಾ ನಾನಾ?"

"ನೀನೇ ಅವ್ವೆ" ಎಂದೆ.

ಸೆರಗಿನಿಂದ ಬೆರಳು ಒರೆಸಿಕೊಂಡು, ಇನ್ನೊಮ್ಮೆ ಅಲ್ಲೇ ಇಟ್ಟಳು.