ನೀಲಿಯಲ್ಲಿ ಕೇಳಿದ್ದು

ಹಳೆಯ ಹೆಗಲುಚೀಲವನ್ನು ಎಸೆಯುವ ಮೊದಲು ಅದರ ಜೇಬುಗಳಿಗೆ ಕೈ ಹಾಕಿ ನೋಡಿದೆ. ಕಡೂರಿನಿಂದ ಅಜ್ಜಂಪುರಕ್ಕೆ ಹೋಗಿಬಂದ ರೈಲು ಟಿಕೆಟ್ಟುಗಳು, ಮುಚ್ಚಳ ಕಳೆದುಕೊಂಡ ಪೆನ್ನು, ಕಾಗದಕ್ಕೇ ಅಂಟಿಹೋದ ಒಂದು ಶುಂಠಿ ಪೆಪ್ಪರ್‌ಮಿಂಟು. ಎಲ್ಲದರ ಅಡಿಯಲ್ಲಿ ಒಂದು ಪೆನ್ಸಿಲ್, ಅರ್ಧ ಕೆಂಪು, ಅರ್ಧ ನೀಲಿ. ಕ್ಯಾಲೆಂಡರಿನ ಹಾಳೆಯೊಂದನ್ನು ಅದಕ್ಕೆ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿತ್ತು. ಮುಟ್ಟಿದ ಕೂಡಲೇ ಬ್ಯಾಂಡು ತುಂಡಾಯಿತು. ಹಾಳೆಯನ್ನು ಬಿಚ್ಚಲು ಮನಸ್ಸಾಗಲಿಲ್ಲ. ಪೆನ್ಸಿಲ್ ಯಾರದೆಂದು ತಿಳಿಯಲು ಹಾಳೆ ಬೇಕಿರಲಿಲ್ಲ.

ಅವರನ್ನು ನಾವು ಸಿಗ್ನಲ್ ಚಾಚಾ ಎನ್ನುತ್ತಿದ್ದೆವು. ರೈಲ್ವೆಯಲ್ಲಿ ಸಿಗ್ನಲ್ ನೋಡಿಕೊಳ್ಳುವ ಕೆಲಸ. ಶಿವನಿ, ಬೀರೂರು ಎಂದು ಆ ದಾರಿಯ ಸ್ಟೇಷನ್ನುಗಳಲ್ಲೇ ಆಯುಷ್ಯ ಸವೆಸಿ, ನಿವೃತ್ತರಾಗಿ ಅಜ್ಜಂಪುರದಲ್ಲಿ ನೆಲೆಸಿದ್ದರು. ನಾನು ಆಗ ಕಡೂರಿನ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕ. ನಮ್ಮಿಬ್ಬರನ್ನು ಪರಿಚಯಿಸಿದವರು ತರೀಕೆರೆಯಲ್ಲಿ ಕಂಪ್ಯೂಟರ್ ಕ್ಲಾಸ್ ನಡೆಸುತ್ತಿದ್ದ ಟೀಚರ್. ಆ ಕ್ಲಾಸಿಗೆ ಟೈಪಿಂಗ್ ಕಲಿಯಲು ಬಂದ ಚಾಚಾ, ಟೀಚರ್ ತಮಗಾಗಿ ಕಲಿಯುತ್ತಿದ್ದ ಹ್ಯಾಸ್ಕೆಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ಪರದೆಯ ಮೇಲೆ ಕಂಡು, ಟೈಪಿಂಗ್ ಮರೆತು ಅಲ್ಲೇ ಕೂತುಬಿಟ್ಟರಂತೆ. ಇದು ಟೀಚರ್ ಹೇಳಿದ್ದು. ಎಷ್ಟೋ ಜನರಿಗೆ ಇದನ್ನು ನಾನೇ ಕಣ್ಣಾರೆ ಕಂಡಂತೆ ಹೇಳಿದ್ದೇನೆ. ಈಗ ಕಣ್ಣು ಮುಚ್ಚಿದರೆ ಆ ಕೋಣೆ, ಆ ಫ್ಯಾನು, ಚಾಚಾ ಎಳೆದುಕೊಂಡ ಸ್ಟೂಲು ಎಲ್ಲವೂ ಕಾಣುತ್ತವೆ. ನಾನು ಅಲ್ಲಿರಲೇ ಇಲ್ಲ...

ಬೇರೆ ಭಾಷೆಗಳಲ್ಲಿ ಪ್ರೋಗ್ರಾಮು ಹಿಂದೆ ಆದದ್ದನ್ನು ಅಲ್ಲಲ್ಲಿ ನೆನಪಿಟ್ಟುಕೊಂಡು, ತಿದ್ದಿಕೊಂಡು ಸಾಗುತ್ತದೆ. ಫಂಕ್ಷನಲ್ ಎನ್ನುವ ಈ ಜಾತಿಯ ಭಾಷೆಗಳಲ್ಲಿ ಫಂಕ್ಷನ್ನಿಗೆ, ಅಂದರೆ ಪ್ರೋಗ್ರಾಮಿನ ಒಂದೊಂದು ತುಂಡಿಗೆ, ಸ್ವಂತ ನೆನಪಿಲ್ಲ. ಕೈಗೆ ಕೊಟ್ಟದ್ದನ್ನಷ್ಟೇ ನೋಡುತ್ತದೆ. ಅದನ್ನೇ ಕೊಟ್ಟರೆ ನೂರು ಸಲವೂ ಅದೇ ಉತ್ತರ. ವಿಶ್ವವಿದ್ಯಾಲಯದಲ್ಲಿ ಇದನ್ನು ಅರ್ಥ ಮಾಡಿಕೊಳ್ಳಲು ನನಗೆ ಒಂದು ಸೆಮಿಸ್ಟರ್ ಹಿಡಿದಿತ್ತು. ಚಾಚಾಗೆ ಒಂದು ಮಧ್ಯಾಹ್ನ ಸಾಕಾಯಿತು.

"ಸಿಗ್ನಲ್ ಕೊಡೋ ನಮ್ ರಿಲೇ ರೂಮ್ ಕಣ್ರೀ ಇದು," ಎಂದಿದ್ದರು. "ಲೈನ್ ಖಾಲಿ ಇದ್ಯಾ, ಗೇಟ್ ಹಾಕಿದ್ಯಾ, ಹಳಿ ಸರಿಯಾಗಿ ಕೂತಿದ್ಯಾ. ಇಷ್ಟೂ ಇದ್ರೆ ಹಸಿರು, ಒಂದಿಲ್ದಿದ್ರೂ ಕೆಂಪು. ಈಗ್ತಾನೆ ಖಾಲಿ ಇತ್ತಲ್ಲ ಅಂತ ಸಿಗ್ನಲ್ ಕೊಡಂಗಿಲ್ಲ. ನೆನಪಿನ ಮೇಲೆ ರೈಲು ಓಡ್ಸಂಗಿಲ್ಲ ಮೇಷ್ಟ್ರೆ."

ಭಾನುವಾರ ಬೆಳಿಗ್ಗೆ ನಾನು ರೈಲಿನಲ್ಲಿ, ಟೀಚರ್ ಬಸ್ಸಿನಲ್ಲಿ ಅಜ್ಜಂಪುರಕ್ಕೆ ಹೋಗುತ್ತಿದ್ದೆವು. ಚಾಚಾ ಮನೆಯ ಮುಂದಿನ ಹಜಾರದಲ್ಲಿ ಚಾಪೆ, ಎರಡು ಲ್ಯಾಪ್‌ಟಾಪು, ಚಾಚಿ ತಂದಿಡುವ ಖಾರ ಮಂಡಕ್ಕಿ. ಬೇರೆ ಬೇರೆ ಊರುಗಳ ಹತ್ತಿಪ್ಪತ್ತು ಜನರಿದ್ದ ಒಂದು ಫೋನ್ ಗುಂಪೂ ಇತ್ತು. ವಾರವಿಡೀ ಅಲ್ಲಿ ಬಂದ ಪ್ರಶ್ನೆಗಳು ಭಾನುವಾರ ಚಾಪೆಯ ಮೇಲೆ ಬೀಳುತ್ತಿದ್ದವು. ದೊಡ್ಡ ಪ್ರಶ್ನೆಗಳೇನಲ್ಲ. ಪಟ್ಟಿ ಕೇಳುವ ಕಡೆ ಒಂಟಿ ಅಂಕಿ ಕೊಟ್ಟಿದ್ದೇನಂತೆ, ಎಲ್ಲಿ? ಹೆಸರಿಗೆ ಒಮ್ಮೆ ಬೆಲೆ ಕೊಟ್ಟ ಮೇಲೆ ಬದಲಿಸಲು ಬಿಡುವುದಿಲ್ಲವಲ್ಲ, ಮತ್ತೆ ಎಣಿಸುವುದು ಹೇಗೆ? ಸಣ್ಣ ಕಡತಕ್ಕೆ ಓಡುತ್ತದೆ, ದೊಡ್ಡದಕ್ಕೆ ಕಂಪ್ಯೂಟರು ಏದುಸಿರು ಬಿಡುತ್ತದೆ, ಯಾಕೆ?

ಚಾಚಾ ಯಾರ ಪ್ರೋಗ್ರಾಮನ್ನೂ ನೇರವಾಗಿ ನೋಡುತ್ತಿರಲಿಲ್ಲ. ಮೊದಲು ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ ನೀಲಿಯಲ್ಲಿ ಬರೆಯಬೇಕು: ಏನು ತೊಂದರೆ, ಒಳಗೆ ಏನು ಹೋಗುತ್ತದೆ, ಹೊರಗೆ ಏನು ಬರಬೇಕು. ಉತ್ತರ ಸಿಕ್ಕ ಮೇಲೆ ಅದರ ಕೆಳಗೆ ಕೆಂಪಿನಲ್ಲಿ. ಅಳಿಸುವ ಹಾಗಿಲ್ಲ, ತಪ್ಪಾದರೆ ಹೊಸ ಹಾಳೆ. ಅರ್ಧ ಪ್ರಶ್ನೆಗಳು ನೀಲಿಯಲ್ಲಿ ಬರೆಯುವಾಗಲೇ ಬಗೆಹರಿಯುತ್ತಿದ್ದವು. ನನಗೆ ಇದು ಬಾಲಿಶವಾಗಿ ಕಾಣುತ್ತಿತ್ತು. ಒಮ್ಮೆ ಬರೆಯದೆ ಲ್ಯಾಪ್‌ಟಾಪ್ ತಿರುಗಿಸಿ ಮುಂದೆ ಹಿಡಿದೆ. ಅವರು ಮಂಡಕ್ಕಿ ತಿನ್ನುತ್ತಾ ಕೂತರು.

"ಯೂನಿವರ್ಸಿಟೀಲಿ ಪೆನ್ಸಿಲ್ ಹಿಡಿಯೋದು ಕಲಿಸ್ಲಿಲ್ವಾ ಮೇಷ್ಟ್ರೆ?"

"ಅಲ್ಲಿ ಬರೀ ಪೆನ್ನು ಚಾಚಾ," ಎಂದರು ಟೀಚರ್. "ಸರ್ಟಿಫಿಕೇಟಿಗೆ ಸೈನ್ ಹಾಕೋಕೆ."

ಒಮ್ಮೆ ಟೀಚರೇ ಫೈಲಿನ ಒಂದು ಪ್ರಶ್ನೆ ತಂದರು. ಅವರ ಪ್ರೋಗ್ರಾಮು ಮಕ್ಕಳ ಹೆಸರುಗಳಿದ್ದ ಫೈಲನ್ನು ತೆರೆದು, ಓದಿ, ಮುಚ್ಚಿ, ಆಮೇಲೆ ಹೆಸರು ಹುಡುಕುತ್ತಿತ್ತು. ಫೈಲಿನ ತುಂಬ ಹೆಸರುಗಳಿದ್ದವು. ಹುಡುಕಿದರೆ ಒಂದೂ ಇಲ್ಲ. ತಪ್ಪು ಎಂದೂ ಕಂಪ್ಯೂಟರು ಹೇಳುತ್ತಿರಲಿಲ್ಲ, ಸುಮ್ಮನೆ ಖಾಲಿ. ನಾನು ಪುಸ್ತಕದ ಮಾತಿನಲ್ಲಿ ವಿವರಿಸತೊಡಗಿದೆ. ಚಾಚಾ ತಡೆದರು.

"ಸೋಮಾರಿ ಭಾಷೆ ಕಣಮ್ಮ ಇದು. ಓದು ಅಂದ್ರೆ, ಹ್ಞೂಂ ಓದಿದೆ ಅನ್ನುತ್ತೆ. ಓದಿರಲ್ಲ. ನಿಂಗೆ ಹೆಸರು ಬೇಕಾದಾಗ ಎದ್ದು ಹೋಗುತ್ತೆ. ಅಷ್ಟೊತ್ತಿಗೆ ನೀನು ಬಾಗ್ಲು ಹಾಕ್ಬಿಟ್ಟಿರ್ತೀಯ. ನಮ್ಮ ಅಳಿಯನ ಥರ."

"ಪಾಪ, ಅವರನ್ನ್ಯಾಕೆ ಎಳೀತೀರಿ ಚಾಚಾ."

"ಮುಚ್ಚೋಕೆ ಮುಂಚೆ ಎಷ್ಟು ಅಕ್ಷರ ಇದೆ ಎಣಿಸು ಅನ್ನು. ಎಣಿಸ್ಬೇಕಂದ್ರೆ ಕೊನೇವರ್ಗೂ ಓದ್ಲೇಬೇಕಲ್ಲ. ಒಂದು ಸಾಲು."

ಕೆಂಪಿನಲ್ಲಿ ಆ ಒಂದು ಸಾಲು ಬರೆದು ಕೊಟ್ಟರು. ಟೀಚರ್ ಅದನ್ನು ಬಹಳ ದಿನ ಮಾನಿಟರಿನ ಅಂಚಿಗೆ ಅಂಟಿಸಿಕೊಂಡಿದ್ದರು.

ಅದಾಗಿ ಎರಡು ವರ್ಷವಿರಬೇಕು, ಒಂದು ಭಾನುವಾರ ಟೀಚರ್ ಬಂದಿರಲಿಲ್ಲ. ಚಾಚಾ ನನ್ನನ್ನು ಸ್ಟೇಷನ್ನಿನವರೆಗೆ ಕಳಿಸಲು ಬಂದರು. ಪ್ಲಾಟ್‌ಫಾರಂ ಬೆಂಚಿನ ಮೇಲೆ ಕೂತು ಜೇಬಿನಿಂದ ಹೊಸ ಪೆನ್ಸಿಲ್ ತೆಗೆದು, ಬ್ಲೇಡಿನಲ್ಲಿ ನೀಲಿ ತುದಿಯನ್ನು ಮೊನೆ ಮಾಡಿ, ತೊಡೆಯ ಮೇಲೆ ಹಾಳೆ ಇಟ್ಟುಕೊಂಡು ನಿಧಾನವಾಗಿ ಬರೆದರು. ಇದು ನನಗೆ ಖಚಿತವಾಗಿ ನೆನಪಿದೆ. ನೀಲಿ ಪುಡಿ ಅವರ ಬಿಳಿ ಪೈಜಾಮದ ಮೇಲೆ ಬಿದ್ದಿತ್ತು. ಅಷ್ಟರಲ್ಲಿ ರೈಲಿನ ಸದ್ದು ಕೇಳಿತು.

"ಇದೊಂದು ನೋಡಿ ಮೇಷ್ಟ್ರೆ. ಉತ್ತರ ಕೆಂಪಲ್ಲಿ ಬರ್ಕೊಡಿ. ಪೆನ್ಸಿಲ್ಲೂ ತಗೊಂಡ್ಹೋಗಿ."

ಮೊದಲ ಸಾಲು ನೋಡಿದೆ. 'ಬರೆದದ್ದು ಫೈಲಿನಲ್ಲಿದೆ. ಓದಿದರೆ ಖಾಲಿ. ಯಾಕೆ?'

ನನಗೆ ನಗು ಬಂತು. ನಮಗೆ ಅವರೇ ಹೇಳಿಕೊಟ್ಟ ಉತ್ತರ. ತಮಗೆ ಗೊತ್ತಿದ್ದನ್ನು ಗೊತ್ತಿಲ್ಲದವರಂತೆ ಕೇಳಿ ಕಾಲೆಳೆಯುವುದು ಅವರ ಅಭ್ಯಾಸವೂ ಆಗಿತ್ತು.

"ಏನ್ ಚಾಚಾ, ನನಗೇ ಪರೀಕ್ಷೆನಾ?"

ಅವರು ನಕ್ಕರು. ನಕ್ಕರೆಂದೇ ಇಷ್ಟು ವರ್ಷ ನಂಬಿದ್ದೆ. ಈಗ ಆ ಮುಖವನ್ನು ತಂದುಕೊಳ್ಳಲು ನೋಡಿದರೆ ಒಮ್ಮೆ ನಗು ಕಾಣುತ್ತದೆ, ಒಮ್ಮೆ ಇಲ್ಲ. "ಬೇಗ ಬೇಕಿತ್ತು" ಎಂದರೇ? ಎಂದ ಹಾಗಿದೆ... ರೈಲು ಬಂದು ನಿಂತ ಸದ್ದಿನಲ್ಲಿ ನಾನೇ ಆ ಮಾತನ್ನು ಆಮೇಲೆ ಸೇರಿಸಿಕೊಂಡಿರಲೂಬಹುದು. ಹಾಳೆಯನ್ನು ಪೆನ್ಸಿಲ್ಲಿಗೆ ಸುತ್ತಿ ಚೀಲಕ್ಕೆ ಹಾಕಿದೆ.

ಮುಂದಿನ ತಿಂಗಳು ಚಾಚಾರನ್ನು ಶಿವಮೊಗ್ಗದ ಆಸ್ಪತ್ರೆಗೆ ಸೇರಿಸಿದ್ದಾರೆಂದು ಟೀಚರ್ ಫೋನ್ ಮಾಡಿದರು. ಚಾಚಾ ಮನೆಗೆ ಬಂದ ಮೇಲೆ ಹೋದೆ. ಒಳಗೆ ಮಲಗಿದ್ದರು. ಚಾಚಿ ಹಜಾರದಲ್ಲೇ ನಿಂತು ತಗ್ಗಿದ ದನಿಯಲ್ಲಿ ಹೇಳಿದರು.

"ಒಂದು ವರ್ಷದಿಂದ ಮರೆವು ಕಣಪ್ಪ. ಯಾರ ಹತ್ರಾನೂ ಹೇಳ್ಬೇಡ ಅಂದಿದ್ರು, ನಿಮ್ಮಿಬ್ರ ಹತ್ರ ಅಂತೂ ಬೇಡ ಅಂತ. ಸಕ್ಕರೆ ಕಾಯಿಲೆ ಮಾತ್ರೆ ತಗೊಂಡ್ನಾ ಇಲ್ವಾ ಗೊತ್ತಾಗಲ್ಲ ಅಂತ ಕಂಪ್ಯೂಟರಲ್ಲಿ ಬರ್ದಿಡ್ತಿದ್ರು. ಆಸ್ಪತ್ರೆಗೆ ಸೇರ್ಸಿದ ದಿನ ಬೆಳಿಗ್ಗೆ ನಾನೇ ಕೈಯಾರೆ ಕೊಟ್ಟಿದೀನಿ. ಅಂಗಡಿಗೆ ಹೋಗಿ ಬರೋದ್ರೊಳಗೆ ಇನ್ನೊಂದು ತಗೊಂಡಿದಾರೆ. ಅಥ್ವಾ ಎರಡೋ. ಯಾಕ್ರೀ ಅಂದ್ರೆ, ಕಂಪ್ಯೂಟರ್ ಖಾಲಿ ಅಂತು ಅಂದ್ರು."

ನಾನು ಏನು ಹೇಳಿದೆ? ಆ ಪ್ರಶ್ನೆಗೆ ಉತ್ತರ ಬರೆದು ಕೊಟ್ಟಿದ್ದೆನಲ್ಲ ಚಾಚಿ, ಎಂದೆ. ಸುಳ್ಳು ಹೇಳುತ್ತಿದ್ದೇನೆ ಎಂದು ಆಗ ಅನಿಸಲಿಲ್ಲ. ಮರು ಭಾನುವಾರವೇ ಹೋಗಿ, ಕೆಂಪಿನಲ್ಲಿ ಬರೆದು ಕೈಗೆ ಕೊಟ್ಟ ಚಿತ್ರ ಆಗಲೇ ತಲೆಯಲ್ಲಿ ಸಿದ್ಧವಾಗಿತ್ತು. ಕೊಟ್ಟದ್ದನ್ನು ಅವರೇ ಎಲ್ಲೋ ಇಟ್ಟು ಮರೆತಿರಬೇಕು ಎಂದುಕೊಂಡೆ. ಮರೆವಿನವರ ಮೇಲೆ ಹೊರಿಸುವುದು ಸುಲಭ. ಚಾಚಿ ತಲೆಯಾಡಿಸಿ ಚಹಾ ತರಲು ಹೋದರು.

ಚಾಚಾ ಮತ್ತೆ ಚಾಪೆಯ ಮೇಲೆ ಕೂರಲಿಲ್ಲ. ಫೋನ್ ಗುಂಪಿನಲ್ಲಿ ಜನ ಅವರನ್ನು ಕೇಳುತ್ತಿದ್ದರು. ಟೀಚರ್ ಏನೋ ಹೇಳಿ ಸುಮ್ಮನಾಗಿಸುತ್ತಿದ್ದರು. ಮರುವರ್ಷ ಚಾಚಾ ತೀರಿಕೊಂಡಾಗ ನಾನು ಕಾಲೇಜಿನ ಕೆಲಸ ಬಿಟ್ಟು ಬೇರೆ ಊರಿನಲ್ಲಿದ್ದೆ. ಆ ಮಾತ್ರೆಗಳಿಂದಲೇ ಆಯಿತೆಂದು ಯಾರೂ ಹೇಳಲಿಲ್ಲ. ವಯಸ್ಸಾಗಿತ್ತು ಎಂದರು. ಗುಂಪು ನಿಂತುಹೋಯಿತು. ನನ್ನ ಫೋನೂ ಬದಲಾಯಿತು, ಹಳೆಯ ಮಾತುಗಳೆಲ್ಲ ಅದರೊಂದಿಗೇ ಹೋದವು.

ಇವತ್ತು ಪೆನ್ಸಿಲ್ ಸಿಕ್ಕ ಮೇಲೆ ಟೀಚರಿಗೆ ಫೋನ್ ಮಾಡಿದೆ. ನಾನು ಚಾಚಾಗೆ ಉತ್ತರ ಬರೆದುಕೊಟ್ಟ ಆ ಭಾನುವಾರ ನೆನಪಿದೆಯೇ ಎಂದು ಕೇಳಿದೆ.

"ನಾನು ಬರ್ದೇ ಇದ್ದ ಆ ಭಾನುವಾರದ ನಂತರ, ಚಾಚಾ ಆಸ್ಪತ್ರೆ ಸೇರೋವರ್ಗೂ ನೀವು ಬರ್ಲೇ ಇಲ್ವಲ್ಲ ಸರ್. ಮೂರು ವಾರ ಪೇಪರ್ ವ್ಯಾಲ್ಯುಯೇಷನ್ ಅಂದಿದ್ರಿ. ಮೇಷ್ಟ್ರು ಬಂದ್ರಾ, ಮೇಷ್ಟ್ರು ಬಂದ್ರಾ ಅಂತ ಚಾಚಾ ಕೇಳ್ತಾನೇ ಇದ್ರು." ಆಮೇಲೆ ಅವರೇ, "ನನಗೂ ಈಗ ಸರಿಯಾಗಿ ನೆನಪಿಲ್ಲ ಬಿಡಿ," ಎಂದರು. ಕನಿಕರಕ್ಕೆ ಹೇಳಿದರೋ, ನಿಜವೋ.

ಹಾಳೆ ಬಿಚ್ಚಿದೆ. ಮೊದಲ ಸಾಲು ನಾನು ಓದಿದ್ದೇ. ಅದರ ಕೆಳಗೆ, ನಾನು ಓದದೆ ಸುತ್ತಿಟ್ಟ ಇನ್ನೆರಡು ಸಾಲುಗಳಿದ್ದವು. 'ಒಳಗೆ: ಇವತ್ತಿನ ತಾರೀಖು, ಮಾತ್ರೆ ತಗೊಂಡ ಪಟ್ಟಿ. ಹೊರಗೆ: ತಗೋ, ಇಲ್ಲವೇ ಬೇಡ.' ಅದರ ಕೆಳಗೆ ಅರ್ಧ ಹಾಳೆ ಹಾಗೇ ಬಿಳಿಯಾಗಿದೆ.

ಇದಕ್ಕೂ ಒಂದು ಸಮಾಧಾನ ಹುಡುಕಿದೆ. ಬೇರೆ ಹಾಳೆಯಲ್ಲಿ ಬರೆದು ಕಳಿಸಿರಬಹುದು. ಫೋನಿನಲ್ಲಿ ಹೇಳಿರಬಹುದು... ಒಂದೇ ಪ್ರಶ್ನೆಯನ್ನು ಎಷ್ಟು ಸಲ ಕೇಳಿಕೊಂಡರೂ ತಲೆ ಪ್ರತಿ ಸಲ ಬೇರೆ ಉತ್ತರ ಕೊಡುತ್ತಿದೆ. ಕೊನೆಗೆ ಪೆನ್ಸಿಲ್ಲನ್ನೇ ಎತ್ತಿ ಬೆಳಕಿಗೆ ಹಿಡಿದೆ. ನೀಲಿ ತುದಿಯಲ್ಲಿ ಅವರ ಬ್ಲೇಡು ಕೆತ್ತಿದ ಗುರುತುಗಳು ಹಾಗೇ ಇವೆ. ಕೆಂಪು ತುದಿ ಅಂಗಡಿಯಿಂದ ತಂದ ಹಾಗೆ ಚಪ್ಪಟೆಯಾಗಿದೆ. ಅದನ್ನು ಯಾರೂ, ಯಾವತ್ತೂ, ಮೊನೆ ಮಾಡಿಲ್ಲ.

ಒಂದು ಸಾಲಿನ ಉತ್ತರ. ಮುಚ್ಚುವ ಮೊದಲು ಕೊನೆಯವರೆಗೂ ಓದಿಸಬೇಕು, ಅಷ್ಟೆ.

ಚೀಲವನ್ನು ಕಸದ ಗಾಡಿಗೆ ಹಾಕಿ ಬಂದೆ. ಪೆನ್ಸಿಲ್ ಮೇಜಿನ ಮೇಲಿದೆ. ಬ್ಲೇಡೂ ಪಕ್ಕದಲ್ಲೇ ಇದೆ. ಬರೆದರೆ ಯಾರಿಗೆ ಕೊಡಲಿ ಎಂದು ಹಾಗೇ ಬಿಟ್ಟಿದ್ದೇನೆ.